ಮೋಟಾರ್ ಸ್ಟಾರ್ಟ್ ಆದ ಕೂಡಲೇ ಗೇಟಿನ ಲೈನ್ ಬೀಳುತ್ತದೆ: ಡಿಎಸ್‌ಲ್ಯಾಮ್ ಪೋರ್ಟ್ ಸೆಟ್ಟಿಂಗ್ ಹೇಗಿರಬೇಕು?

ಕಾರಟಗಿ_ಅಕ್ಕಿ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರ್ ಮುಟ್ಟಲು ಬರುತ್ತದೆ ಅನ್ನುವ ತಪ್ಪಿಗೆ ನೆಟ್‌ವರ್ಕ್ ಕೂಡ ನನ್ನ ತಲೆಗೇ ಬಂದಿದೆ.

ನಮ್ಮಲ್ಲಿ ಎರಡು ಯೂನಿಟ್ ಇವೆ. ನಡುವೆ ಸಾಹುಕಾರರದೇ ಗದ್ದೆ. ಆಫೀಸು ಒಂದು ತುದಿಗೆ, ಲಾರಿ ಬರುವ ಗೇಟು ಮತ್ತು ವೇಬ್ರಿಡ್ಜ್ ಇನ್ನೊಂದು ತುದಿಗೆ. ಹಿಂದೆ ಇಂಟರ್‌ಕಾಮ್‌ಗೆ ಅಂತ ನೆಲದಲ್ಲಿ ಹೂತ ಜೆಲ್ಲಿ ಕೇಬಲ್ (ನೀರು ಇಳಿಯದಂತೆ ಜೆಲ್ಲಿ ತುಂಬಿದ ಫೋನ್ ಕೇಬಲ್) ಇದೆ. 20 ಜೋಡಿ, 0.5 ಎಂಎಂ ತಾಮ್ರ. ಗೇಟಿನ ತನಕ ಸುಮಾರು 1.3 ಕಿ.ಮೀ. ಆಗುತ್ತದೆ. ಅದರ ಮೇಲೆ ನೆಟ್ ಓಡಿಸೋಣ ಅಂತ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ 24 ಪೋರ್ಟಿನ ಡಿಎಸ್‌ಲ್ಯಾಮ್ (ಫೋನ್ ತಂತಿಗಳ ಮೇಲೆ ನೆಟ್ ಕಳಿಸುವ ಪೆಟ್ಟಿಗೆ, ಆ ತುದಿಯಲ್ಲಿ ಒಂದೊಂದು ಮೋಡೆಮ್ ಇರುತ್ತದೆ) ತಂದೆವು. ಈಗ 9 ಪೋರ್ಟ್ ಬಳಸುತ್ತಿದ್ದೇವೆ.

ಬೇರೆ ಎಲ್ಲ ಪೋರ್ಟ್ ಹೇಗೋ ನಡೆಯುತ್ತಿವೆ. ವೇಬ್ರಿಡ್ಜ್‌ನ ಪೋರ್ಟ್ 7 ಮಾತ್ರ ದಿನಕ್ಕೆ 15-20 ಸಲ ಬೀಳುತ್ತದೆ. ಮೋಡೆಮ್ ಮತ್ತೆ ಡಿಎಸ್‌ಲ್ಯಾಮ್ ಜೊತೆ ಕೂಡಿಕೊಳ್ಳಲು, ಅಂದರೆ ಸಿಂಕ್ ಆಗಲು, 40 ಸೆಕೆಂಡ್ ಬೇಕು. ಅಷ್ಟರಲ್ಲಿ ತೂಕದ ಚೀಟಿಯ ಸಾಫ್ಟ್‌ವೇರ್ ಹ್ಯಾಂಗ್. ಲಾರಿಗಳು ಸಾಲುಗಟ್ಟುತ್ತವೆ, ಡ್ರೈವರ್‌ಗಳು ಹಾರ್ನ್ ಹೊಡೆಯುತ್ತಾರೆ, ಸಾಹುಕಾರರು ನನಗೆ ಫೋನ್ ಹೊಡೆಯುತ್ತಾರೆ.

ಎಲ್ಲ ಪೋರ್ಟಿಗೂ ಡಿಫಾಲ್ಟ್ ಪ್ರೊಫೈಲ್ ಇದೆ. ಗರಿಷ್ಠ 24 ಎಂಬಿಪಿಎಸ್, ಫಾಸ್ಟ್ ಮೋಡ್, ಟಾರ್ಗೆಟ್ ಮಾರ್ಜಿನ್ 6. ಇದರಲ್ಲಿ ಏನು ಬದಲಿಸಬೇಕು?

---

ಫೈಬರ್_ಭಕ್ತ | ಸೋಮವಾರ, ರಾತ್ರಿ 9:52

ಆ ತಾಮ್ರ ಕಿತ್ತು ಮಾರಿ, ಬಂದ ದುಡ್ಡಿನಲ್ಲೇ ಫೈಬರ್ ಹಾಕಿ. 1.3 ಕಿ.ಮೀ. ಅಂದರೆ ಫೈಬರ್‌ಗೆ ಲೆಕ್ಕವೇ ಅಲ್ಲ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ ಸಾಕು. ಮೋಟಾರ್ ಸದ್ದೂ ಇಲ್ಲ, ಸಿಡಿಲಿನ ಭಯವೂ ಇಲ್ಲ. ಕೊಪ್ಪಳದಲ್ಲಿ ನಾನು ಮಾಡುವ ಕೆಲಸವೇ ಇದು. ಈ ಕಾಲದಲ್ಲಿ ಡಿಎಸ್‌ಲ್ಯಾಮ್ ತಂದವರನ್ನು ಮೊದಲ ಸಲ ನೋಡುತ್ತಿದ್ದೇನೆ!

---

ಕಾರಟಗಿ_ಅಕ್ಕಿ | ಸೋಮವಾರ, ರಾತ್ರಿ 10:05

ಅಣ್ಣ, ನೀವು ಹೇಳಿದ್ದು ಸರಿ. ಆದರೆ ಗದ್ದೆಯಲ್ಲಿ ಈಗಷ್ಟೇ ನಾಟಿ ಆಗಿದೆ. ಮೊಣಕಾಲುದ್ದ ಕೆಸರು. ಕೊಯ್ಲು ಆಗುವ ತನಕ ಅಗೆಯುವ ಮಾತೇ ಇಲ್ಲ ಅಂದಿದ್ದಾರೆ. ಕಂಬ ನೆಟ್ಟು ಮೇಲಿಂದ ಎಳೆಯೋಣ ಅಂದರೆ ಹುಲ್ಲಿನ ಟ್ರ್ಯಾಕ್ಟರ್ ಓಡಾಡುವ ದಾರಿ. ವೈರ್‌ಲೆಸ್ಸಿಗೆ ಬಾಯ್ಲರ್ ಚಿಮಣಿ, ಗೋಡೌನ್ ಎರಡೂ ಅಡ್ಡ ಬರುತ್ತವೆ. ನಾಲ್ಕು ತಿಂಗಳು ಇದನ್ನೇ ಓಡಿಸಬೇಕು.

---

ಕೋಟೆ_ಕೆಳಗಿನವ | ಸೋಮವಾರ, ರಾತ್ರಿ 10:31

ಬಳ್ಳಾರಿಯಿಂದ. ಹತ್ತು ವರ್ಷ ಡಿಎಸ್‌ಲ್ಯಾಮ್‌ಗಳ ಜೊತೆಗೇ ಬದುಕಿದವನು, ಈಗ ಯಾರೂ ಇದರ ಬಗ್ಗೆ ಕೇಳುವುದಿಲ್ಲ ಅಂತ ಬೇಜಾರಿತ್ತು. ಥ್ಯಾಂಕ್ಸ್.

ಏನನ್ನೂ ಬದಲಿಸಬೇಡಿ. ಮೊದಲು ಲೆಕ್ಕ ಕೊಡಿ. ನೀವು ಲೆಕ್ಕದವರೇ ಅಲ್ವಾ. ಪ್ರತಿ ಪೋರ್ಟಿಗೂ ಡಿಎಸ್‌ಲ್ಯಾಮ್ 15 ನಿಮಿಷಕ್ಕೊಂದು, ದಿನಕ್ಕೊಂದು ಕೌಂಟರ್ ಇಟ್ಟುಕೊಂಡಿರುತ್ತದೆ. ಪೋರ್ಟ್ 7ರದ್ದು ಮತ್ತು ಅಷ್ಟೇ ದೂರದ ಇನ್ನೊಂದೆರಡು ಪೋರ್ಟಿನದ್ದು ಇಷ್ಟು ಬೇಕು: ಎರಡೂ ದಿಕ್ಕಿನ ಸ್ಪೀಡ್, ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆಯಲು ಉಳಿದಿರುವ ಶಕ್ತಿ), ಅಟೆನ್ಯುಯೇಷನ್ (ದಾರಿಯಲ್ಲಿ ಸಿಗ್ನಲ್ ಎಷ್ಟು ಸೊರಗಿತು), ಸಿಆರ್‌ಸಿ ಎಣಿಕೆ (ಕೆಟ್ಟು ಬಂದ ಡೇಟಾ), ಎಷ್ಟು ಸಲ ರೀಟ್ರೈನ್ ಆಯಿತು, ಅಂದರೆ ಬಿದ್ದು ಮತ್ತೆ ಸಿಂಕ್ ಆಯಿತು. ಮುಖ್ಯವಾಗಿ, ಬಿದ್ದ ಕಾರಣ ಎಲ್‌ಒಎಸ್ ಅಂತ ಇದೆಯೋ ಎಲ್‌ಪಿಆರ್ ಅಂತ ಇದೆಯೋ ನೋಡಿ. ಎಲ್‌ಒಎಸ್ ಅಂದರೆ ಸಿಗ್ನಲ್ ಹೋಯಿತು. ಎಲ್‌ಪಿಆರ್ ಅಂದರೆ ಆ ಕಡೆಯ ಮೋಡೆಮ್‌ಗೆ ಕರೆಂಟೇ ಹೋಯಿತು. ಮೋಡೆಮ್ ಸಾಯುವ ಮುಂಚೆ ಕೊನೆಯ ಉಸಿರಿನಲ್ಲಿ ಡಿಎಸ್‌ಲ್ಯಾಮ್‌ಗೆ ಒಂದು ಸುದ್ದಿ ಕಳಿಸುತ್ತದೆ. ಇಂಗ್ಲಿಷಿನಲ್ಲೂ ಅದಕ್ಕೆ ಡೈಯಿಂಗ್ ಗ್ಯಾಸ್ಪ್ ಅಂತಲೇ ಹೆಸರು.

---

ಕಾರಟಗಿ_ಅಕ್ಕಿ | ಮಂಗಳವಾರ, ಮಧ್ಯಾಹ್ನ 1:15

ಊಟ ಬಿಟ್ಟು ಬರೆದುಕೊಂಡೆ. ನಿನ್ನೆಯ 24 ಗಂಟೆಯ ಲೆಕ್ಕ.

ಪೋರ್ಟ್ 7, ವೇಬ್ರಿಡ್ಜ್: ಡೌನ್ 14,200 ಕೆಬಿಪಿಎಸ್, ಅಪ್ 880. ಮಾರ್ಜಿನ್ ಡೌನ್ 5.8, ಅಪ್ 6.1. ಅಟೆನ್ಯುಯೇಷನ್ 19. ಬಿದ್ದದ್ದು 19 ಸಲ, ಅದರಲ್ಲಿ ಎಲ್‌ಪಿಆರ್ 7. ಸಿಆರ್‌ಸಿ ನಾಲ್ಕು ಸಾವಿರದ ಮೇಲೆ.

ಪೋರ್ಟ್ 8, ಅದರ ಪಕ್ಕದ ಸೆಕ್ಯೂರಿಟಿ ರೂಮು: ಡೌನ್ 13,900, ಅಪ್ 860. ಮಾರ್ಜಿನ್ 6. ಅಟೆನ್ಯುಯೇಷನ್ 19. ಬಿದ್ದದ್ದು 12, ಎಲ್‌ಪಿಆರ್ ಸೊನ್ನೆ. ಇದೂ ಬೀಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿರುವುದು ಒಂದು ಕ್ಯಾಮೆರಾ ಮಾತ್ರ, ಯಾರೂ ಹೇಳಿಲ್ಲ.

ಪೋರ್ಟ್ 5, ಎರಡನೇ ಯೂನಿಟ್ ಗೋಡೌನ್, 1.2 ಕಿ.ಮೀ.: ಡೌನ್ 20,600, ಅಪ್ 1,040. ಮಾರ್ಜಿನ್ 6.2. ಅಟೆನ್ಯುಯೇಷನ್ 17.5. ಬಿದ್ದದ್ದು 2.

ಇನ್ನೊಂದು ವಿಷಯ. ಪಾಲಿಶರ್ ಮೋಟಾರ್ ಸ್ಟಾರ್ಟ್ ಮಾಡಿದಾಗ ಕೆಲವು ಸಲ ಲೈನ್ ಒಮ್ಮೆ ಬಿದ್ದು, ಏಳೆಂಟು ಸೆಕೆಂಡಿನ ನಂತರ ದೀಪ ಇನ್ನೊಮ್ಮೆ ತಡವರಿಸುತ್ತದೆ. ಇದು ಯಾಕೆ?

---

ಸಿಂಧನೂರು_ಸರ್ಕಲ್ | ಮಂಗಳವಾರ, ಮಧ್ಯಾಹ್ನ 2:02

ನಾನು ಪ್ಯಾನೆಲ್ ಬೋರ್ಡ್ ಕೆಲಸದವನು, ನೆಟ್ ಗೊತ್ತಿಲ್ಲ. ಆದರೆ ಆ ಏಳೆಂಟು ಸೆಕೆಂಡ್ ಯಾವುದು ಅಂತ ಗೊತ್ತು. ಅದು ಸ್ಟಾರ್-ಡೆಲ್ಟಾ ಸ್ಟಾರ್ಟರ್. ಮೊದಲು ಸ್ಟಾರ್‌ನಲ್ಲಿ ಹಿಡಿಯುತ್ತದೆ, ಟೈಮರ್ ಮುಗಿದ ಮೇಲೆ ಡೆಲ್ಟಾಗೆ ಹಾರುತ್ತದೆ. ಎರಡು ಸಲವೂ ಕಾಂಟ್ಯಾಕ್ಟರ್ ಕಿಡಿ ಹಾರಿಸುತ್ತದೆ, ಕರೆಂಟ್ ದಬಕ್ಕನೆ ಎಳೆಯುತ್ತದೆ.

ಗೇಟಿನ ಮೋಡೆಮ್ ಅಡಾಪ್ಟರ್ ಯಾವ ಫೇಸ್‌ನಲ್ಲಿದೆ ನೋಡಿ. ಮೋಟಾರ್ ಎಳೆದಾಗ ಆ ಫೇಸ್ ಕುಸಿದರೆ ಸಣ್ಣ ಅಡಾಪ್ಟರ್ ತಡೆಯುವುದಿಲ್ಲ. ಆ 7 ಸಲದ್ದು ಇದೇ ಇರಬೇಕು.

---

ಕೋಟೆ_ಕೆಳಗಿನವ | ಮಂಗಳವಾರ, ಮಧ್ಯಾಹ್ನ 2:20

ಸರ್ಕಲ್ ಅವರು ಕುತ್ತಿಗೆ ಹಿಡಿದರು. ಎಲ್‌ಪಿಆರ್ 7 ಅಂದರೆ ಡಿಎಸ್‌ಎಲ್‌ಗೆ ಸಂಬಂಧವೇ ಇಲ್ಲ. ವೇಬ್ರಿಡ್ಜ್ ಕಂಪ್ಯೂಟರಿಗೆ ಯುಪಿಎಸ್ ಇದ್ದರೆ ಮೋಡೆಮನ್ನೂ ಅದಕ್ಕೇ ಹಾಕಿ. ಉಳಿದ 12 ನನ್ನ ಪಾಲಿಗೆ.

---

ಕಾರಟಗಿ_ಅಕ್ಕಿ | ಬುಧವಾರ, ಬೆಳಗ್ಗೆ 11:30

ಯುಪಿಎಸ್‌ಗೆ ಹಾಕಿದೆ. ಎಲ್‌ಪಿಆರ್ ಸೊನ್ನೆ. ಲೈನ್ ಬಿದ್ದದ್ದು 12. ಲೆಕ್ಕ ಸರಿ ಕೂತಿತು. ಈಗ ಆ 12 ಹೇಗೆ ಕಳೆಯಲಿ?

---

ಕೋಟೆ_ಕೆಳಗಿನವ | ಬುಧವಾರ, ರಾತ್ರಿ 8:45

ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ. ಚಹಾ ಇಟ್ಟುಕೊಂಡು ಓದಿ.

ನಿಮ್ಮ ಡಿಎಸ್‌ಲ್ಯಾಮ್ ಮತ್ತು ಮೋಡೆಮ್ ಮಾತಾಡುವ ಭಾಷೆ ಎಡಿಎಸ್‌ಎಲ್2+. ಅಂದರೆ ಒಂದೇ ಜೋಡಿ ತಂತಿಯ ಮೇಲೆ 512 ಸಣ್ಣ ಸಣ್ಣ ಚಾನೆಲ್. ಒಂದೊಂದನ್ನೂ ಟೋನ್ ಅನ್ನುತ್ತಾರೆ, ಒಂದರಿಂದ ಇನ್ನೊಂದಕ್ಕೆ 4.3125 ಕಿಲೋಹರ್ಟ್ಜ್ ಅಂತರ. ಎಲ್ಲ ಸೇರಿ 2.2 ಮೆಗಾಹರ್ಟ್ಜ್ ತನಕ ಹೋಗುತ್ತದೆ. ಸಿಂಕ್ ಆಗುವಾಗ ಮೋಡೆಮ್ ಮತ್ತು ಡಿಎಸ್‌ಲ್ಯಾಮ್ ಪ್ರತಿ ಟೋನಿನಲ್ಲಿ ಎಷ್ಟು ಗದ್ದಲ ಇದೆ ಅಂತ ಅಳೆದು, ಅದರ ಮೇಲೆ ಎಷ್ಟು ಬಿಟ್ ಹೊರಿಸಬಹುದು ಅಂತ ಮಾತಾಡಿಕೊಳ್ಳುತ್ತವೆ. ಒಂದು ಟೋನಿಗೆ ಹೆಚ್ಚೆಂದರೆ 15 ಬಿಟ್.

ಮಾರ್ಜಿನ್ 6 ಅಂದರೆ ಏನು? ಈಗಿರುವ ಗದ್ದಲಕ್ಕಿಂತ 6 ಡೆಸಿಬೆಲ್ ಜಾಸ್ತಿ ಬಂದರೂ ತಡೆಯುತ್ತೇನೆ ಅಂತ ಲೈನ್ ಹೇಳುತ್ತಿದೆ. ನಿಮ್ಮ ಡಿಫಾಲ್ಟ್ ಪ್ರೊಫೈಲ್ ಏನು ಮಾಡುತ್ತಿದೆ ಅಂದರೆ, 6 ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಸ್ಪೀಡಿಗೆ ಸುರಿಯುತ್ತಿದೆ. ತೂಕದ ಚೀಟಿಗೆ 14 ಎಂಬಿ ಯಾಕೆ ಬೇಕು ಹೇಳಿ? ಹಮಾಲರ ಬೆನ್ನಿಗೆ ಎರಡು ಮೂಟೆ ಹೊರಿಸಿ ಓಡು ಅಂದ ಹಾಗೆ.

ಒಂದು ಟೋನಿನಿಂದ ಒಂದು ಬಿಟ್ ಇಳಿಸಿದರೆ ಸುಮಾರು 3 ಡೆಸಿಬೆಲ್ ಮಾರ್ಜಿನ್ ಸಿಗುತ್ತದೆ. ಸೆಕೆಂಡಿಗೆ 4,000 ಸಿಂಬಲ್ (ಎಲ್ಲ ಟೋನ್ ಸೇರಿದ ಒಂದೊಂದು ಕಂತು) ಹೋಗುತ್ತವೆ. 14 ಎಂಬಿಯಿಂದ 8ಕ್ಕೆ ಇಳಿಸಿದರೆ ಟೋನಿಗೆ ಸುಮಾರು ಮೂರೂವರೆಯಿಂದ ನಾಲ್ಕು ಬಿಟ್ ಇಳಿಯುತ್ತದೆ. ಅಂದರೆ ಹತ್ತು ಡೆಸಿಬೆಲ್ ಮೇಲೆ ನಿಮ್ಮ ಕೈಗೆ ಬಂತು. ಬಿಟ್ಟಿ!

ಈಗ ಮಾಡಬೇಕಾದ್ದು. ಡಿಫಾಲ್ಟ್ ಪ್ರೊಫೈಲನ್ನೇ ತಿದ್ದಬೇಡಿ. ಅದು 24 ಪೋರ್ಟಿಗೂ ಕಟ್ಟಿಕೊಂಡಿರುತ್ತದೆ, ತಿದ್ದಿದರೆ ಎಲ್ಲರದ್ದೂ ಒಟ್ಟಿಗೆ ಬೀಳಬಹುದು. ಗೇಟಿಗೆ ಅಂತಲೇ ಹೊಸ ಲೈನ್ ಪ್ರೊಫೈಲ್ ಮಾಡಿ. ಡೌನ್ ಗರಿಷ್ಠ 8,192. ಅಪ್ ಗರಿಷ್ಠ 640. ಟಾರ್ಗೆಟ್ ಮಾರ್ಜಿನ್ 9. ಕನಿಷ್ಠ ಮಾರ್ಜಿನ್ ಸೊನ್ನೆ, ಯಾಕಂದ್ರೆ ಅದನ್ನು ಮೇಲಿಟ್ಟರೆ ಮಾರ್ಜಿನ್ ಸ್ವಲ್ಪ ಕುಸಿದ ಕೂಡಲೇ ಡಿಎಸ್‌ಲ್ಯಾಮ್ ತಾನಾಗಿಯೇ ಲೈನ್ ಕೆಡವುತ್ತದೆ. ಗರಿಷ್ಠ ಮಾರ್ಜಿನ್ 31. ಇಲ್ಲಿ ಬಹಳ ಜನ ಎಡವುತ್ತಾರೆ. ಗರಿಷ್ಠ 12 ಅಂತ ಇಟ್ಟರೆ, ಮಾರ್ಜಿನ್ ಅದಕ್ಕಿಂತ ಮೇಲೆ ಹೋಗದ ಹಾಗೆ ಡಿಎಸ್‌ಲ್ಯಾಮ್ ತನ್ನ ಪವರನ್ನೇ ತಗ್ಗಿಸುತ್ತದೆ. ನೀವು ಸ್ಪೀಡ್ ಬಿಟ್ಟುಕೊಟ್ಟು ಗಳಿಸಿದ್ದು ಗಾಳಿಗೆ ಹೋಗುತ್ತದೆ.

ಕೊನೆಗೆ ಫಾಸ್ಟ್ ಮೋಡ್ ತೆಗೆದು ಇಂಟರ್‌ಲೀವ್ ಹಾಕಿ. ಡಿಲೇ 16 ಮಿಲಿಸೆಕೆಂಡ್, ಐಎನ್‌ಪಿ 2. ಕಾಂಟ್ಯಾಕ್ಟರ್ ಕಿಡಿ ಒಂದು ಕ್ಷಣ ಬಂದು ಹೋಗುವಂಥದ್ದು. ಇಂಟರ್‌ಲೀವ್ ಡೇಟಾವನ್ನು ಚೂರು ಮಾಡಿ, ಕಲಸಿ, ಹರಡಿ ಕಳಿಸುತ್ತದೆ. ಕಿಡಿ ಬಂದು ಒಂದು ಹಿಡಿ ತಿಂದರೂ ಪ್ರತಿ ಸಾಲಿನಿಂದ ಒಂದೊಂದು ಅಕ್ಷರ ಮಾತ್ರ ಹೋಗಿರುತ್ತದೆ, ಅದನ್ನು ಎಫ್‌ಇಸಿ (ತಪ್ಪು ತಿದ್ದುವ ಲೆಕ್ಕ) ತುಂಬಿಕೊಳ್ಳುತ್ತದೆ. ಐಎನ್‌ಪಿ 1 ಅಂದರೆ ಒಂದು ಸಿಂಬಲ್, ಅಂದರೆ ಕಾಲು ಮಿಲಿಸೆಕೆಂಡ್ ಪೆಟ್ಟು ತಡೆಯುವ ಶಕ್ತಿ. 2 ಇಟ್ಟರೆ ಅರ್ಧ ಮಿಲಿಸೆಕೆಂಡ್.

---

ಪಿಂಗ್_ಪಾಂಡು | ಬುಧವಾರ, ರಾತ್ರಿ 9:10

ಅಯ್ಯೋ, ಇಂಟರ್‌ಲೀವ್ ಬೇಡ. ಪಿಂಗ್ ಏರುತ್ತದೆ. ರಾಯಚೂರಿನ ನಮ್ಮ ಹಾಸ್ಟೆಲ್‌ನಲ್ಲಿ ಹಿಂದೆ ಇದೇ ಹಾಕಿ ಗೇಮ್ ಆಡಲು ಆಗದಂತೆ ಮಾಡಿದ್ದರು. ಫಾಸ್ಟ್ ಮೋಡೇ ಬೆಸ್ಟ್. ಬೇಕಿದ್ದರೆ ಮಾರ್ಜಿನ್ ಮಾತ್ರ ಏರಿಸಿ.

---

ಕೋಟೆ_ಕೆಳಗಿನವ | ಬುಧವಾರ, ರಾತ್ರಿ 9:18

ಪಾಂಡು, ವೇಬ್ರಿಡ್ಜ್ ಗೇಮ್ ಆಡುವುದಿಲ್ಲಪ್ಪ. ಲಾರಿ ತೂಕ 20 ಮಿಲಿಸೆಕೆಂಡ್ ತಡವಾಗಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. 40 ಸೆಕೆಂಡ್ ಲೈನ್ ಇಲ್ಲದಿದ್ದರೆ ಗೊತ್ತಾಗುತ್ತದೆ.

ಮಾರ್ಜಿನ್ ಏರಿಸುವುದು ಸದಾ ಇರುವ ಗದ್ದಲಕ್ಕೆ ಮದ್ದು. ಕಿಡಿಯ ಪೆಟ್ಟು 30-40 ಡೆಸಿಬೆಲ್ ಇರಬಹುದು, ಅಷ್ಟು ಮಾರ್ಜಿನ್ ಯಾರ ಹತ್ತಿರ ಇದೆ? ಅದಕ್ಕೆ ಇಂಟರ್‌ಲೀವೇ ಬೇಕು. ನಿಮ್ಮ ಹಾಸ್ಟೆಲ್‌ನಂಥ ಕಡೆ, ಲೈನ್ ಚಿಕ್ಕದು, ಗದ್ದಲ ಕಡಿಮೆ ಅಂದಾಗ ಫಾಸ್ಟ್ ಸರಿ. ನಿಮ್ಮ ಸಿಟ್ಟು ನ್ಯಾಯವೇ.

---

ಕಾರಟಗಿ_ಅಕ್ಕಿ | ಗುರುವಾರ, ರಾತ್ರಿ 7:50

ಎಲ್ಲ ಮಾಡಿದೆ. ಮೊದಲ ಸಲ ಪ್ರೊಫೈಲ್ ಕಟ್ಟಲು ಹೋದಾಗ ಎರರ್ ಬಂತು. ಪೋರ್ಟ್ ಡಿಆಕ್ಟಿವೇಟ್ ಮಾಡಿ, ಪ್ರೊಫೈಲ್ ಕಟ್ಟಿ, ಮತ್ತೆ ಆಕ್ಟಿವೇಟ್ ಮಾಡಬೇಕು ಅಂತ ಅರ್ಧ ಗಂಟೆ ಆದ ಮೇಲೆ ಗೊತ್ತಾಯಿತು. ಪೋರ್ಟ್ 7 ಡೌನ್ 8,192ಕ್ಕೆ ನಿಂತಿತು. ಮಾರ್ಜಿನ್ 16.4! ಅಪ್ 640, ಮಾರ್ಜಿನ್ 12.8. ಖುಷಿಯಿಂದ ಕುಣಿಯುವುದೊಂದು ಬಾಕಿ.

ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಎಲ್ಲ ಹಳೇ ಸೆಟ್ಟಿಂಗ್. ಪ್ರೊಫೈಲೇ ಇಲ್ಲ.

---

ಕೋಟೆ_ಕೆಳಗಿನವ | ಗುರುವಾರ, ರಾತ್ರಿ 8:01

ಸೇವ್ ಮಾಡಿಲ್ಲ. 😀 ಎಲ್ಲರೂ ಒಂದು ಸಲ ಈ ಪಾಠ ಕಲಿತವರೇ. ಬದಲಿಸಿದ್ದು ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಸೇವ್ ಕಮ್ಯಾಂಡ್ ಕೊಟ್ಟರೆ ಮಾತ್ರ ಫ್ಲ್ಯಾಶ್‌ಗೆ ಹೋಗುತ್ತದೆ. ಸೇವ್ ಆದ ಮೇಲೆ ಕಾನ್ಫಿಗ್ ಫೈಲನ್ನು ಕಂಪ್ಯೂಟರಿಗೂ ಒಂದು ಪ್ರತಿ ಇಳಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ, ಯಾವಾಗ ಕೈ ಕೊಡುತ್ತದೋ.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು 64 ಪೋರ್ಟಿನ ಕಾರ್ಡ್ ಹೀಗೇ ಕಳೆದುಕೊಂಡಿದ್ದೆ. ರಾತ್ರಿ ಎರಡರ ತನಕ ಕೂತು ಮತ್ತೆ ಹೊಡೆದೆ.

---

ಹೊಸಬ_ಮಾನ್ವಿ | ಗುರುವಾರ, ರಾತ್ರಿ 8:40

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮಲ್ಲೂ ಒಂದು 8 ಪೋರ್ಟಿನದು ಇದೆ. ಮೋಡೆಮ್ ದೀಪ ಗಟ್ಟಿಯಾಗಿ ಉರಿಯುತ್ತದೆ, ಆದರೆ ಐಪಿ ಬರುವುದೇ ಇಲ್ಲ. ಪ್ರೊಫೈಲ್ ಸಮಸ್ಯೆಯಾ?

---

ಕೋಟೆ_ಕೆಳಗಿನವ | ಗುರುವಾರ, ರಾತ್ರಿ 8:47

ಅಲ್ಲ. ದೀಪ ಗಟ್ಟಿ ಇದ್ದರೆ ತಾಮ್ರ, ಪ್ರೊಫೈಲ್ ಎರಡೂ ಸರಿ. ವಿಪಿಐ, ವಿಸಿಐ (ಲೈನಿನೊಳಗೆ ಡೇಟಾ ಹೋಗುವ ದಾರಿಯ ಎರಡು ನಂಬರ್) ಹೊಂದುತ್ತಿಲ್ಲ. ಡಿಎಸ್‌ಲ್ಯಾಮ್ ಪೋರ್ಟಿನಲ್ಲಿ 0 ಮತ್ತು 35 ಇದ್ದರೆ ಮೋಡೆಮ್‌ನಲ್ಲೂ ಅದೇ ಇರಬೇಕು. ಒಂದು ಕಡೆ 8/35, ಇನ್ನೊಂದು ಕಡೆ 0/35 ಇದ್ದರೆ ಸಿಂಕ್ ಆಗುತ್ತದೆ, ಆದರೆ ಒಂದು ಪ್ಯಾಕೆಟ್ಟೂ ದಾಟುವುದಿಲ್ಲ. ಎನ್‌ಕ್ಯಾಪ್ಸುಲೇಷನ್ (ಪ್ಯಾಕೆಟ್ ಸುತ್ತುವ ರೀತಿ) ಎಲ್‌ಎಲ್‌ಸಿ ಇದೆಯಾ ಅಂತಲೂ ನೋಡಿ. ಆಮೇಲೆ ಆ ಪೋರ್ಟಿನ ವಿಲ್ಯಾನ್ (ನೆಟ್‌ವರ್ಕಿನೊಳಗಿನ ಪ್ರತ್ಯೇಕ ಗುಂಪು) ಅಪ್‌ಲಿಂಕಿಗೆ (ಡಿಎಸ್‌ಲ್ಯಾಮ್‌ನಿಂದ ರೂಟರ್ ಕಡೆಗೆ ಹೋಗುವ ಪೋರ್ಟ್) ಸೇರಿದೆಯಾ ಅಂತ.

---

ಕಾರಟಗಿ_ಅಕ್ಕಿ | ಶನಿವಾರ, ಬೆಳಗ್ಗೆ 10:20

ಮತ್ತೆ ಎಲ್ಲ ಹಾಕಿ, ಸೇವ್ ಮಾಡಿ, ಎರಡು ದಿನ ನೋಡಿದೆ. ಪೋರ್ಟ್ 7 ದಿನಕ್ಕೆ 12 ಸಲ ಬೀಳುತ್ತಿದ್ದದ್ದು ಈಗ 4. ಪೋರ್ಟ್ 8 ಕೂಡ 4-5. ತುಂಬ ಸುಧಾರಿಸಿದೆ, ಆದರೆ ನಿಂತಿಲ್ಲ. ಅದೂ ಸಂಜೆ ಮೇಲೆಯೇ ಜಾಸ್ತಿ.

ಹೊಸ ತಲೆನೋವು ಬೇರೆ. ಅಪ್ 640ಕ್ಕೆ ಕಟ್ಟಿದ ಮೇಲೆ ಗೇಟಿನ ಕ್ಯಾಮೆರಾ ಚಿತ್ರ ತುಂಡು ತುಂಡಾಗಿ ಬರುತ್ತಿದೆ. ಲಾರಿ ನಂಬರ್ ಕಾಣುತ್ತಿಲ್ಲ ಅಂತ ಸಾಹುಕಾರರು ಗರಂ.

ಸುಮ್ನೆ ಕುತೂಹಲಕ್ಕೆ ಮೋಡೆಮ್ ಪುಟದಲ್ಲಿ ಟೋನ್‌ಗಳ ಬಿಟ್ ಪಟ್ಟಿ ನೋಡಿದೆ. 7 ಮತ್ತು 8 ಎರಡರಲ್ಲೂ 177ನೇ ಟೋನಿನ ಹತ್ತಿರ ಒಂದು ಹಳ್ಳ ಬಿದ್ದಿದೆ. ಅಕ್ಕಪಕ್ಕ 9-10 ಬಿಟ್ ಇದ್ದರೆ ಅಲ್ಲಿ 2. ರಾತ್ರಿ ಹಳ್ಳ ಇನ್ನೂ ಅಗಲ. ಪೋರ್ಟ್ 5ರಲ್ಲಿ ಹಳ್ಳ ಇಲ್ಲವೇ ಇಲ್ಲ.

---

ಹಳೇ_ಜಾಯಿಂಟರ್ | ಶನಿವಾರ, ಬೆಳಗ್ಗೆ 11:05

ನಾನು ಇಷ್ಟು ದಿನ ಓದುತ್ತಾ ಕೂತಿದ್ದೆ. ಕೇಬಲ್ ಜಾಯಿಂಟ್ ಮಾಡಿ ಕಣ್ಣು ಮಂಜಾದವನು, ರಾಯಚೂರು. ಈಗ ಮಾತಾಡಲೇಬೇಕು.

177ನ್ನು 4.3125ರಿಂದ ಗುಣಿಸಿ. 763 ಬರುತ್ತದೆ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಜ್. ನಿಮ್ಮ ಗೇಟಿನ ಲೈನ್ ರೇಡಿಯೋ ಕೇಳುತ್ತಾ ಕೂತಿದೆ ಸ್ವಾಮಿ! ಮೀಡಿಯಂ ವೇವ್ ರಾತ್ರಿ ಹೊತ್ತು ದೂರ ಹರಿಯುತ್ತದೆ, ಅದಕ್ಕೇ ರಾತ್ರಿ ಹಳ್ಳ ಅಗಲ.

ಎಲ್ಲ ತಾಮ್ರವೂ ಸ್ವಲ್ಪ ರೇಡಿಯೋ ಹಿಡಿಯುತ್ತದೆ. ಆದರೆ ಅದೇ ಕೇಬಲ್, ಅದೇ ದೂರ, ಪೋರ್ಟ್ 5 ಕೇಳುವುದಿಲ್ಲ, 7 ಮತ್ತು 8 ಎರಡೂ ಕೇಳುತ್ತವೆ. ಎರಡೂ ಒಟ್ಟಿಗೇ ಕೆಟ್ಟಿವೆ, ಒಂದೇ ಅಳತೆಗೆ ಕೆಟ್ಟಿವೆ. ನನಗೆ ಇದು ಸ್ಪ್ಲಿಟ್ ಪೇರ್ ಅಂತ ಕಾಣುತ್ತದೆ.

ಜೋಡಿ ತಂತಿಯನ್ನು ಹುರಿ ಹೊಸೆದ ಹಾಗೆ ಯಾಕೆ ತಿರುಚಿರುತ್ತಾರೆ? ಹೊರಗಿನ ಗದ್ದಲ ಎರಡೂ ತಂತಿಯ ಮೇಲೆ ಸಮ ಬೀಳಲಿ ಅಂತ. ಸಮ ಬಿದ್ದರೆ ಕೊನೆಯಲ್ಲಿ ಒಂದಕ್ಕೊಂದು ವಜಾ ಆಗುತ್ತದೆ. ಯಾರೋ ಜಾಯಿಂಟ್ ಮಾಡುವಾಗ ಈ ಜೋಡಿಯ ಒಂದು ತಂತಿ, ಪಕ್ಕದ ಜೋಡಿಯ ಒಂದು ತಂತಿ ಎರಡೂ ತುದಿಯಲ್ಲಿ ಒಂದೇ ಥರ ಅದಲು ಬದಲು ಕಟ್ಟಿದರೆ ಆ ವಜಾ ನಿಂತುಹೋಗುತ್ತದೆ. ಲೈನ್ ಪೂರ್ತಿ ಆಂಟೆನಾ. ಎರಡು ಪೋರ್ಟೂ ಒಂದರ ಮಾತು ಒಂದು ಕೇಳುತ್ತಾ ಜಗಳಾಡುತ್ತವೆ.

ಇಂಟರ್‌ಕಾಮ್‌ನಲ್ಲಿ ಇದು ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ಮಾತು ಕೇಳುತ್ತದೆ, ಬೆಲ್ ಹೊಡೆಯುತ್ತದೆ. ಮಲ್ಟಿಮೀಟರ್ ಕೂಡ ಹೇಳುವುದಿಲ್ಲ. ಅಳೆದು ನೋಡಿ, 0.5 ಎಂಎಂ ತಾಮ್ರ ಕಿ.ಮೀ.ಗೆ ಹೋಗಿ ಬಂದು ಸುಮಾರು 175 ಓಮ್. ನಿಮ್ಮದು 230ರ ಆಸುಪಾಸು ಬಂದು ಎಲ್ಲ ಸರಿ ಅನ್ನಿಸುತ್ತದೆ. ನಮ್ಮ ಕಡೆ ಬೇಸಿಗೆ ಅಂತ ನಾಲ್ಕು ಓಮ್ ಜಾಸ್ತಿಯೂ ತೋರಿಸಬಹುದು.

ಗೇಟಿನ ಡಿಪಿ ಬಾಕ್ಸ್ (ಕೇಬಲ್‌ನ ಜೋಡಿಗಳನ್ನು ಹಂಚುವ ಪೆಟ್ಟಿಗೆ) ಬಿಚ್ಚಿ, ಬಣ್ಣ ಬರೆದುಕೊಳ್ಳಿ.

---

ಕೋಟೆ_ಕೆಳಗಿನವ | ಶನಿವಾರ, ಬೆಳಗ್ಗೆ 11:40

ಗುರುಗಳೇ, ಶರಣು. ಮೊದಲ ದಿನವೇ 5ರ ಲೆಕ್ಕ, 8ರ ಲೆಕ್ಕ ಎರಡೂ ನನ್ನ ಕಣ್ಣ ಮುಂದೆ ಇತ್ತು. ಒಂದೇ ದೂರಕ್ಕೆ 6 ಎಂಬಿ ವ್ಯತ್ಯಾಸ ಯಾಕೆ ಅಂತ ನಾನು ಕೇಳಲೇ ಇಲ್ಲ. ಮೋಟಾರ್ ಕಥೆ ಚೆನ್ನಾಗಿತ್ತು, ಅದರ ಹಿಂದೆ ಓಡಿದೆ. ಕೀಬೋರ್ಡ್ ಮುಂದೆ ಕೂತವನ ರೋಗ ಇದು.

ಕ್ಯಾಮೆರಾ ವಿಷಯ. ಎಡಿಎಸ್‌ಎಲ್ ಮನೆಗಳಿಗೆ ಅಂತ ಮಾಡಿದ್ದು. ಇಳಿಸಿಕೊಳ್ಳುವುದು ಜಾಸ್ತಿ, ಏರಿಸುವುದು ಕಡಿಮೆ. ನಿಮ್ಮದು ತಿರುಗುಮುರುಗು. ಕ್ಯಾಮೆರಾ ಗೇಟಿನಲ್ಲಿ, ನೋಡುವವರು ಆಫೀಸಿನಲ್ಲಿ. ಜೋಡಿ ಸರಿ ಮಾಡಿದ ಮೇಲೆ ಅನೆಕ್ಸ್ ಎಂ (ಅಪ್‌ಗೆ ಹೆಚ್ಚು ಜಾಗ ಕೊಡುವ ಎಡಿಎಸ್‌ಎಲ್ ಬಗೆ) ಹಾಕಿ ನೋಡಿ. ಅಪ್‌ಗೆ ಇರುವ ಜಾಗ 138 ಕಿಲೋಹರ್ಟ್ಜ್‌ನಿಂದ 276ಕ್ಕೆ ಏರುತ್ತದೆ, ಡೌನ್ ಸ್ವಲ್ಪ ಕಳೆದುಕೊಳ್ಳುತ್ತೀರಿ. ಒಂದೇ ಕೇಬಲ್‌ನಲ್ಲಿ ಕೆಲವು ಪೋರ್ಟ್ ಅನೆಕ್ಸ್ ಎ (ಮಾಮೂಲಿ ಬಗೆ), ಕೆಲವು ಅನೆಕ್ಸ್ ಎಂ ಇಟ್ಟರೆ ಒಂದಕ್ಕೊಂದು ಕಿರಿಕಿರಿ. ಕೇಬಲ್ ನಿಮ್ಮ ಸ್ವಂತದ್ದು, 9 ಪೋರ್ಟಿಗೂ ಒಂದೇ ಮಾಡಿ. ಬೇರೆಯವರ ಲೈನ್ ಇರುವ ಕೇಬಲ್‌ನಲ್ಲಿ ಈ ಆಟ ಆಡಬಾರದು.

---

ಕಾರಟಗಿ_ಅಕ್ಕಿ | ಭಾನುವಾರ, ಸಂಜೆ 6:15

ಮಿಲ್ ರಜೆ ಇತ್ತು. ನಾನು ಮತ್ತು ನಮ್ಮ ಎಲೆಕ್ಟ್ರಿಷಿಯನ್ ಡಿಪಿ ಬಾಕ್ಸ್ ಬಿಚ್ಚಿದೆವು. ಒಳಗೆ ಇಲಿ ಗೂಡು, ಒಂದು ಸೇರು ಹೊಟ್ಟು. ಅದನ್ನು ತೆಗೆದ ಮೇಲೆ ತಂತಿ ಕಂಡಿತು.

ಪೋರ್ಟ್ 7ಕ್ಕೆ ಹಸಿರು ಮತ್ತು ಬಿಳಿ. ಪೋರ್ಟ್ 8ಕ್ಕೆ ಕಂದು ಮತ್ತು ಬಿಳಿ. ಬಣ್ಣ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಮೊದಲು ನಿರಾಸೆ ಆಯಿತು.

---

ಹಳೇ_ಜಾಯಿಂಟರ್ | ಭಾನುವಾರ, ಸಂಜೆ 6:28

ಯಾವ ಬಿಳಿ? ಮೊದಲ ಐದು ಜೋಡಿಗೂ ಬಿಳಿಯೇ ಸಂಗಾತಿ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಐದಕ್ಕೂ ಒಂದೊಂದು ಬಿಳಿ. ನಂತರದ ಐದಕ್ಕೆ ಕೆಂಪು, ಆಮೇಲೆ ಕಪ್ಪು, ಆಮೇಲೆ ಹಳದಿ. ಹಸಿರಿನ ಜೊತೆ ಹುರಿಗೊಂಡ ಬಿಳಿಯೇ ಅದರ ಬಿಳಿ. ಕೇಬಲ್ ಸಿಪ್ಪೆ ಇನ್ನೂ ಒಂದು ಗೇಣು ಹಿಂದಕ್ಕೆ ಸುಲಿಯಿರಿ. ಹುರಿ ಬಿಚ್ಚದೆ ಬೆರಳಿನಲ್ಲಿ ಹಿಡಿದು ಬನ್ನಿ.

---

ಕಾರಟಗಿ_ಅಕ್ಕಿ | ಭಾನುವಾರ, ರಾತ್ರಿ 8:55

ಟಾರ್ಚ್ ಹಿಡಿದು ಮತ್ತೆ ಹೋದೆವು.

ಹಸಿರಿನ ಬಿಳಿ ಕಂದಿಗೆ ಹೋಗಿದೆ. ಕಂದಿನ ಬಿಳಿ ಹಸಿರಿಗೆ ಬಂದಿದೆ. ಆಫೀಸಿನ ತುದಿಯಲ್ಲೂ ಇದೇ ಥರ ಅದಲು ಬದಲು. ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡು, ಬಿಳಿ ಅಂದರೆ ಬಿಳಿ ಅಲ್ವಾ ಸರ್ ಅಂದ. ಕಟ್ಟಿದವನು ಇವನೇ, ಆರು ವರ್ಷದ ಹಿಂದೆ.

ಎರಡೂ ತುದಿ ಸರಿ ಮಾಡಿ, ಜೆಲ್ಲಿ ಇರುವ ಯುವೈ ಕನೆಕ್ಟರ್ (ತಂತಿ ಜೋಡಿಸುವ ಸಣ್ಣ ಗುಂಡಿ) ಒತ್ತಿದೆವು. ಪರೀಕ್ಷೆಗೆ ಅಂತ ಹಳೇ ಡಿಫಾಲ್ಟ್ ಪ್ರೊಫೈಲನ್ನೇ ಒಂದು ಸಲ ಕಟ್ಟಿದೆ. ಪೋರ್ಟ್ 7 ಡೌನ್ 20,100, ಅಪ್ 1,020. ಪೋರ್ಟ್ 8 ಹೆಚ್ಚು ಕಡಿಮೆ ಅಷ್ಟೇ. 177ರ ಹಳ್ಳದಲ್ಲಿ ಈಗ 8 ಬಿಟ್.

---

ಫೈಬರ್_ಭಕ್ತ | ಭಾನುವಾರ, ರಾತ್ರಿ 9:03

ಒಪ್ಪಿದೆ. ಚಪ್ಪಾಳೆ. ಕೊಯ್ಲು ಆದ ಮೇಲೆ ಫೋನ್ ಮಾಡಿ.

---

ಕೋಟೆ_ಕೆಳಗಿನವ | ಭಾನುವಾರ, ರಾತ್ರಿ 9:10

ಡಿಫಾಲ್ಟ್‌ನಲ್ಲೇ ಬಿಡಬೇಡಿ. 20 ಎಂಬಿ ಬಂತು ಅಂತ ಆಸೆ ಬೇಡ. ಗೇಟಿನ ಪ್ರೊಫೈಲ್ ಮತ್ತೆ ಕಟ್ಟಿ, ಇಂಟರ್‌ಲೀವ್ ಇರಲಿ. ಕಾಂಟ್ಯಾಕ್ಟರ್ ಕಿಡಿ ಇನ್ನೂ ಅಲ್ಲೇ ಇದೆ. ಅಪ್ ಮಿತಿ ಮಾತ್ರ ತೆಗೆದು ಅನೆಕ್ಸ್ ಎಂ ಹಾಕಿ. ಸೇವ್!

---

ಕಾರಟಗಿ_ಅಕ್ಕಿ | ಬುಧವಾರ, ರಾತ್ರಿ 8:30

ಮೂರು ದಿನದ ಲೆಕ್ಕ. 9 ಪೋರ್ಟಿಗೂ ಅನೆಕ್ಸ್ ಎಂ. ಎರಡು ಮೋಡೆಮ್ ಅದನ್ನು ಮಾತಾಡಲೇ ಇಲ್ಲ, ಬದಲಿಸಿದೆ. ಪೋರ್ಟ್ 7 ಡೌನ್ 8,192, ಮಾರ್ಜಿನ್ 21. ಅಪ್ 1,900, ಮಾರ್ಜಿನ್ 9. ಕ್ಯಾಮೆರಾವನ್ನು ಎಚ್.265ಗೆ (ವಿಡಿಯೋ ಕುಗ್ಗಿಸುವ ಒಂದು ಬಗೆ) ಹಾಕಿ 1 ಎಂಬಿಗೆ ಇಳಿಸಿದೆ. ಲಾರಿ ನಂಬರ್ ಓದಬಹುದು.

ಲೈನ್ ಬಿದ್ದದ್ದು ಮೂರು ದಿನಕ್ಕೆ ಒಂದು ಸಲ. ಅದೂ ನಿನ್ನೆ ಸಂಜೆ ಗುಡುಗು ಬಂದಾಗ. ಎಫ್‌ಇಸಿ ಎಣಿಕೆ ಸಾವಿರಗಟ್ಟಲೆ ಏರುತ್ತಿದೆ, ಸಿಆರ್‌ಸಿ ಮಾತ್ರ ಎರಡಂಕಿ. ಇದು ಸರಿಯಾ?

---

ಕೋಟೆ_ಕೆಳಗಿನವ | ಬುಧವಾರ, ರಾತ್ರಿ 8:41

ಸರಿ. ಎಫ್‌ಇಸಿ ಅಂದರೆ ಪೆಟ್ಟು ಬಿತ್ತು, ರಿಪೇರಿ ಆಯಿತು. ಸಿಆರ್‌ಸಿ ಅಂದರೆ ರಿಪೇರಿ ಆಗಲಿಲ್ಲ. ಪಾಲಿಶರ್ ಸ್ಟಾರ್ಟ್ ಆದಾಗಲೆಲ್ಲ ಎಫ್‌ಇಸಿ ಹಾರುತ್ತದೆ, ನೋಡುತ್ತಾ ಇರಿ, ಮಜಾ ಇರುತ್ತದೆ.

ಗುಡುಗಿಗೆ ಎರಡೂ ತುದಿಯ ಎಂಡಿಎಫ್‌ನಲ್ಲಿ (ಕೇಬಲ್ ಜೋಡಿಗಳು ಬಂದು ಸೇರುವ ಚೌಕಟ್ಟು) ಸಿಡಿಲಿನ ಪೆಟ್ಟನ್ನು ನೆಲಕ್ಕೆ ಇಳಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕಿ, ಅರ್ಥಿಂಗ್ ಗಟ್ಟಿ ಮಾಡಿ. ಅದನ್ನು ಮುಂದೂಡಬೇಡಿ.

---

ಕಾರಟಗಿ_ಅಕ್ಕಿ | ಬುಧವಾರ, ರಾತ್ರಿ 9:00

ಆಗಲಿ. ಇನ್ನೊಂದು ಸಣ್ಣದು. ಗೋಡೌನ್ ಪೋರ್ಟ್ 5ರ ಕಂಪ್ಯೂಟರಿನಿಂದ ಪೋರ್ಟ್ 8ರ ಕ್ಯಾಮೆರಾ ತೆರೆಯುವುದಿಲ್ಲ. ಆಫೀಸಿನಿಂದ ತೆರೆಯುತ್ತದೆ.

---

ಕೋಟೆ_ಕೆಳಗಿನವ | ಬುಧವಾರ, ರಾತ್ರಿ 9:06

ಪೋರ್ಟ್ ಐಸೋಲೇಷನ್. ಡಿಎಸ್‌ಲ್ಯಾಮ್ ಒಂದು ಮನೆಯ ಲೈನನ್ನು ಇನ್ನೊಂದು ಮನೆಗೆ ತೋರಿಸದಂತೆ ಮಾಡಿದ ಪೆಟ್ಟಿಗೆ. ಎಲ್ಲ ಅಪ್‌ಲಿಂಕಿಗೇ ಹೋಗಬೇಕು. ಪೋರ್ಟಿಗೊಂದು ವಿಲ್ಯಾನ್ ಕೊಟ್ಟು ಆಫೀಸಿನ ರೂಟರ್ ಮೂಲಕ ದಾಟಿಸಿ. ರೂಟರ್ ಮಾಡೆಲ್ ನಾಳೆ ಹಾಕಿ, ನೋಡೋಣ.

---

ಹೊಸಬ_ಮಾನ್ವಿ | ಬುಧವಾರ, ರಾತ್ರಿ 9:20

ನನ್ನದು 8/35 ಇತ್ತು. 0/35 ಮಾಡಿದೆ, ಐಪಿ ಬಂತು. ಆದರೆ ನಮ್ಮ ಕೇಬಲ್‌ನಲ್ಲೂ ಬಿಳಿ ತಂತಿ ಐದು ಇವೆ. ನಾಳೆ ಟಾರ್ಚ್ ಹಿಡಿದು ಹೋಗುತ್ತೇನೆ.